ಒಳಗಿನ ಯಂತ್ರದ ತಾರೀಖು

ಆಸ್ಪತ್ರೆಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವನು ರೀಸ್ಟಾರ್ಟ್ ಮಾಮ. ಯಾವ ವಾರ್ಡಿನಿಂದ ಫೋನು ಬರಲಿ, ಯಾವ ಕಂಪ್ಯೂಟರು ಮುನಿಸಿಕೊಂಡು ಕೂತಿರಲಿ, ಅವನ ಮೊದಲ ಮಾತು ಒಂದೇ: "ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?" ಹತ್ತರಲ್ಲಿ ಎಂಟು ಸಲ ಅಷ್ಟರಲ್ಲೇ ಕಾಯಿಲೆ ವಾಸಿಯಾಗುತ್ತಿತ್ತು. ಡಾಕ್ಟರುಗಳಿಗೆ ಇದನ್ನು ಕಂಡರೆ ಒಳಗೊಳಗೇ ಹೊಟ್ಟೆಕಿಚ್ಚು. ಅವರ ರೋಗಿಗಳನ್ನು ಒಮ್ಮೆ ಆಫ್ ಮಾಡಿದರೆ ಮತ್ತೆ ಆನ್ ಆಗುವ ಭರವಸೆ ಇರಲಿಲ್ಲವಲ್ಲ.

ಹತ್ತೊಂಬತ್ತನೆಯ ವಯಸ್ಸಿಗೆ ಟೈಪ್‌ರೈಟರ್ ರಿಪೇರಿ ಅಂಗಡಿ ಸೇರಿದವನು, ಟೈಪ್‌ರೈಟರುಗಳು ಸತ್ತ ಮೇಲೆ ಪ್ರಿಂಟರಿಗೆ, ಪ್ರಿಂಟರಿನಿಂದ ಕಂಪ್ಯೂಟರಿಗೆ ಬಡ್ತಿ ಪಡೆದು, ಈಗ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಆಸ್ಪತ್ರೆಯ ನೆಲಮಾಳಿಗೆಗೆ ಇಳಿದಿದ್ದ. ಬಡ್ತಿಯಲ್ಲಿ ಇಳಿದವನು ತಾನೊಬ್ಬನೇ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಕೋಣೆಯ ಒಂದು ಬದಿಗೆ ಹಾಸಿಗೆ ಬಟ್ಟೆ ಒಗೆಯುವ ಯಂತ್ರಗಳು, ಇನ್ನೊಂದು ಬದಿಗೆ ಬೀಗ ಹಾಕಿದ ಬಾಗಿಲು; ಆ ಬಾಗಿಲ ಹಿಂದೆ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಕ್ರೂಡ್ರೈವರ್, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಮದುವೆಯಾಗಿರಲಿಲ್ಲ. ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ.

ಅಕ್ಕ ಅವನಿಗಿಂತ ಒಂಬತ್ತು ವರ್ಷಕ್ಕೆ ಹಿರಿಯಳು. ಅಮ್ಮ ಹೋದ ಮೇಲೆ ಅವನ ಮೂಗು ಒರೆಸಿ, ಮಗ್ಗಿ ಬಾಯಿಪಾಠ ಮಾಡಿಸಿ ಬೆಳೆಸಿದವಳು. ಮೂವತ್ತೈದು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದ ಮರುವರ್ಷವೇ ಅವಳ ಮೂಳೆಯೊಳಗಿನ ಮಜ್ಜೆ ಕೂಡ ನಿವೃತ್ತಿ ತೆಗೆದುಕೊಂಡಿತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳನ್ನು ಅದು ತಯಾರಿಸುವುದನ್ನೇ ಬಿಟ್ಟುಬಿಟ್ಟಿತ್ತು. ವಾರ ತಪ್ಪಿದರೆ ವಸಡಿನಲ್ಲಿ ರಕ್ತ, ಕೈ ಹಿಡಿದು ಎಬ್ಬಿಸಿದರೆ ಹಿಡಿದಲ್ಲೆಲ್ಲ ನೀಲಿ. ಆದ್ದರಿಂದ ಪ್ರತಿ ಗುರುವಾರ ತಮ್ಮನ ಆಸ್ಪತ್ರೆಯ ಮೂರನೆಯ ಮಹಡಿಗೆ ಬಂದು, ಯಾರೋ ದಾನ ಮಾಡಿದ ಒಂದು ಚೀಲ ಪ್ಲೇಟ್‌ಲೆಟ್ ಏರಿಸಿಕೊಂಡು ಹೋಗುತ್ತಿದ್ದಳು.

"ಊರಲ್ಲಿ ಯಾರನ್ನೂ ಬೈಯೋ ಹಾಗಿಲ್ಲ ಕಣೋ," ಎನ್ನುತ್ತಿದ್ದಳು. "ಯಾರು ಯಾವಾಗ ನನ್ನ ರಕ್ತಸಂಬಂಧಿ ಆಗಿರ್ತಾರೋ ಏನೋ."

ಆ ಚೀಲಗಳು ಇರುತ್ತಿದ್ದದ್ದು ಮೊದಲ ಮಹಡಿಯ ರಕ್ತದ ಕೋಣೆಯಲ್ಲಿ. ದೊಡ್ಡ ಕೇಂದ್ರದಿಂದ ಲೇಬಲ್ ಸಮೇತ ಬಂದ ಚೀಲಗಳನ್ನು ಕಾಪಾಡಿ, ಕೇಳಿದ ವಾರ್ಡಿಗೆ ಕಳಿಸುವುದಷ್ಟೇ ಇಲ್ಲಿನ ಕೆಲಸ. ಕೆಂಪು ರಕ್ತದ ಚೀಲಗಳು ಫ್ರಿಜ್ಜಿನೊಳಗೆ ತಣ್ಣಗೆ ಒಂದು ತಿಂಗಳಿಗೂ ಹೆಚ್ಚು ಇರಬಲ್ಲವು. ಪ್ಲೇಟ್‌ಲೆಟ್ ಹಾಗಲ್ಲ. ಒಣಹುಲ್ಲಿನ ಬಣ್ಣದ ಆ ಚೀಲಗಳಿಗೆ ತಣ್ಣಗಿನ ಜಾಗ ಆಗದು. ಕೋಣೆಯ ಬಿಸಿಯಲ್ಲೇ, ತೊಟ್ಟಿಲಿನ ಹಾಗೆ ಸದಾ ತೂಗುವ ತಟ್ಟೆಯ ಮೇಲೆ ಮಲಗಿರಬೇಕು. ಅವುಗಳ ಆಯುಷ್ಯ ಐದೇ ದಿನ. ಅದಾದ ಮೇಲೆ, ಒಳಗೆ ಒಂದೇ ಒಂದು ಕ್ರಿಮಿ ಅಡಗಿ ಕೂತಿದ್ದರೂ, ಆ ಬಿಸಿಯಲ್ಲಿ ತೂಗಿಸಿಕೊಂಡು ತೂಗಿಸಿಕೊಂಡು ಅದರ ಸಂಸಾರ ಬೆಳೆದು ಊರಾಗುತ್ತದೆ.

ಅವಧಿ ನೋಡುವ ಕೆಲಸ ಒಂದು ಹಳೆಯ ಪ್ರೋಗ್ರಾಮಿನದು. ಚೀಲದ ಲೇಬಲನ್ನು ಸ್ಕ್ಯಾನರಿಗೆ ತೋರಿಸಿದರೆ, ಆಯುಷ್ಯ ಇದ್ದರೆ ಹಸಿರು ದೀಪ, ಮುಗಿದಿದ್ದರೆ ಕೆಂಪು. ಬೆಳಿಗ್ಗೆ ಎಂಟಕ್ಕೆ, ಆ ದಿನ ಎಸೆಯಬೇಕಾದ ಚೀಲಗಳ ಪಟ್ಟಿಯನ್ನೂ ಅದೇ ಮುದ್ರಿಸಿ ಕೊಡುತ್ತಿತ್ತು. ಲೇಬಲಿನ ಮೇಲೆ ತಾರೀಖು ದಪ್ಪಕ್ಷರದಲ್ಲೇ ಇರುತ್ತಿತ್ತು, ಓದುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆದರೆ ಹಸಿರು ದೀಪ ಬಂದ ಮೇಲೆ ಓದುವ ಅಭ್ಯಾಸ ಹೋಯಿತು. ರಕ್ತದ ಕೋಣೆಯ ಟೆಕ್ನಿಷಿಯನ್ ಚೀಟಿಯಲ್ಲಿ "ದೀಪ ಹಸಿರು" ಎಂದು ಬರೆಯುತ್ತಿದ್ದಳು; ವಾರ್ಡಿನ ನರ್ಸ್ ಆ ಚೀಟಿ ನೋಡಿ, "ಅವಧಿ ಪರೀಕ್ಷಿಸಲಾಗಿದೆ" ಎಂಬ ಕಾಲಮ್ಮಿಗೆ ಟಿಕ್ ಹಾಕುತ್ತಿದ್ದಳು. ಎರಡು ಜೊತೆ ಕಣ್ಣು ನೋಡಬೇಕೆಂದು ನಿಯಮ. ಎರಡು ಜೊತೆಯೂ ನೋಡುತ್ತಿದ್ದದ್ದು ಒಂದೇ ದೀಪವನ್ನು.

ಪ್ರೋಗ್ರಾಮು ಹದಿನೆಂಟು ವರ್ಷ ಹಳೆಯದು. ಬರೆದ ಕಂಪನಿ ಯಾವತ್ತೋ ಕಣ್ಣು ಮುಚ್ಚಿತ್ತು. ಹೊಸ ಕಂಪ್ಯೂಟರಿನಲ್ಲಿ ಅದು ಓಡುತ್ತಿರಲಿಲ್ಲವಾದ್ದರಿಂದ, ಮಾಮ ನಾಲ್ಕು ವರ್ಷದ ಹಿಂದೆ ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೇ ಹಳೆಯ ಕಾಲದ ಸುಳ್ಳು ಕಂಪ್ಯೂಟರೊಂದನ್ನು ಕಟ್ಟಿ, ಅದರೊಳಗೆ ಈ ಪ್ರೋಗ್ರಾಮನ್ನು ಕೂರಿಸಿದ್ದ. ಅದಕ್ಕೆ ತಾನು ಇನ್ನೊಂದರ ಒಳಗಿದ್ದೇನೆ ಎಂಬ ಅರಿವೇ ಇಲ್ಲ. ಹೊರಗಿನ ಪ್ರಪಂಚ ತನ್ನ ಕಾಲದಲ್ಲೇ ನಿಂತಿದೆ ಎಂದುಕೊಂಡು ಕೆಲಸ ಮಾಡುತ್ತದೆ. ಮಾಮ ಅದಕ್ಕೆ "ಮುದುಕ" ಎಂದು ಹೆಸರಿಟ್ಟಿದ್ದ. ಗರ್ಭದೊಳಗಿರುವ ಮುದುಕ.

ಆ ಸೋಮವಾರ ಬೆಳಿಗ್ಗೆ ಮುದುಕ ಏಳಲಿಲ್ಲ.

"ಮಾಮ, ಬೇಗ ಬನ್ನಿ," ರಕ್ತದ ಕೋಣೆಯ ಟೆಕ್ನಿಷಿಯನ್ ಫೋನು ಮಾಡಿದಳು. "ಆಫ್ ಮಾಡಿ ಆನ್ ಮಾಡಿದೀನಿ, ಮೊದ್ಲೇ ಹೇಳ್ಬಿಡ್ತೀನಿ. ಮೂರು ಸಲ ಮಾಡಿದೀನಿ."

ಹೋಗಿ ನೋಡಿದರೆ ಪರದೆಯ ಮೇಲೆ ಒಂದೇ ಸಾಲು: ಕಾವಲು ಚಾಲೂ ಇರುವಾಗ ಒಳಗಿನ ಯಂತ್ರವನ್ನು ನಡೆಸಲಾಗದು. ವಿಷಯ ಮಾಮನಿಗೆ ಕೂಡಲೇ ಹೊಳೆಯಿತು. ಭಾನುವಾರ ಅಪ್‌ಡೇಟ್ ಬಂದಿತ್ತು. ಜೊತೆಗೆ ಮೆಮೊರಿಯನ್ನು ಕಾಯುವ ಹೊಸ ಕಾವಲೊಂದು ತನ್ನಷ್ಟಕ್ಕೆ ಚಾಲೂ ಆಗಿತ್ತು. ಪ್ರೊಸೆಸರಿನಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಕುರ್ಚಿ ಇರುತ್ತದೆ. ಇಷ್ಟು ದಿನ ಅದರಲ್ಲಿ ಕೂತು ಮುದುಕನನ್ನು ನಡೆಸುತ್ತಿದ್ದದ್ದು ಮಾಮ ಹಾಕಿದ್ದ ಸಾಫ್ಟ್‌ವೇರು. ಈಗ ಕಾವಲುಗಾರ ಬಂದು ಅದೇ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕಳ್ಳರು ಬರಬಾರದೆಂದು ಕೂತವನು, ಮನೆಯ ಮುದುಕನಿಗೇ ಬಾಗಿಲು ಹಾಕಿದ್ದ.

ಮ್ಯಾನೇಜರು ಬೆನ್ನ ಹಿಂದೆ ಬಂದು ನಿಂತರು. "ಎಷ್ಟೊತ್ತು ರೀ? ಆಪರೇಷನ್ನಿಗೆ ರಕ್ತ ಬೇಕು ಅಂತ ಸರ್ಜನ್ನು ಕುಣೀತಿದಾರೆ. ದೀಪ ಹತ್ತದೆ ಒಂದು ಚೀಲನೂ ಹೊರಗೆ ಹೋಗೋ ಹಾಗಿಲ್ಲ, ಗೊತ್ತಲ್ಲ?"

"ಗೊತ್ತು ಸಾರ್. ನಾನೇ ಹಾಕಿದ ನಿಯಮ."

"ಹಾಗಾದ್ರೆ ನೀವೇ ತೆಗೀರಿ!"

ಮಾಮನ ತಲೆಯಲ್ಲಿ ಇದ್ದದ್ದು ಸರ್ಜನ್ನಲ್ಲ, ಗುರುವಾರ. ಅಷ್ಟರಲ್ಲಿ ಇದು ಸರಿಹೋಗದಿದ್ದರೆ ಅಕ್ಕನನ್ನು ಎರಡು ಗಂಟೆ ದಾರಿಯ ಇನ್ನೊಂದು ಆಸ್ಪತ್ರೆಗೆ ಕರೆದೊಯ್ಯಬೇಕು. ಒಂದು ಗುಂಡಿ, ಒಂದು ಕುಲುಕು, ಅವಳ ತಲೆ ಕಿಟಕಿಗೆ ತಾಗಿದರೆ ಸಾಕು.

ಕಾವಲಿನ ಸ್ವಿಚ್ಚನ್ನು ಹುಡುಕಿದ. ಅದು ಬೂದಿ ಬಣ್ಣಕ್ಕೆ ತಿರುಗಿ ಮುಟ್ಟಿದರೆ ಅಲುಗದಂತೆ ಕೂತಿತ್ತು. ಪಕ್ಕದಲ್ಲಿ, ಈ ಆಯ್ಕೆ ನಿಮ್ಮ ಸಂಸ್ಥೆಯ ನಿಯಂತ್ರಣದಲ್ಲಿದೆ ಎಂಬ ಬರಹ. ಈ ವಿಷಯದಲ್ಲಿ ಸಂಸ್ಥೆ ಎಂದರೆ ಅವನೇ. ತನ್ನ ಅನುಮತಿಯನ್ನು ತಾನೇ ಕೇಳಿ, ತಾನೇ ಕೊಟ್ಟು, ಆಳದ ಸೆಟ್ಟಿಂಗಿಗೆ ಇಳಿದ. ಇಳಿಯುವ ಮುನ್ನ ಡಿಸ್ಕಿನ ಬೀಗವನ್ನು ತಾತ್ಕಾಲಿಕವಾಗಿ ಸಡಿಲಿಸಲು ಮರೆಯಲಿಲ್ಲ. ಹಿಂದೊಮ್ಮೆ ಅದನ್ನು ಮರೆತು, ನಲವತ್ತೆಂಟು ಅಂಕಿಗಳ ಕೀಲಿ ಕೊಡು ಎಂದು ಯಂತ್ರ ಹಟ ಹಿಡಿದಾಗ ಅವನು ಪಟ್ಟ ಪಾಡು ಅವನಿಗೇ ಗೊತ್ತು. ಆ ಎಚ್ಚರದ ಬಗ್ಗೆ ಆಗ ತುಸು ಹೆಮ್ಮೆಯೂ ಆಯಿತು.

ಕಂಪ್ಯೂಟರು ಮತ್ತೆ ಶುರುವಾಗುವಾಗ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಕೇಳಿತು: ಕಾವಲನ್ನು ತೆಗೆಯುತ್ತಿದ್ದೀರಿ. ಖಚಿತವೇ?

"ಏನಂತೆ?" ಎಂದರು ಮ್ಯಾನೇಜರು.

"ಕಾವಲುಗಾರನ್ನ ಮನೆಗೆ ಕಳಿಸ್ಲಾ ಅಂತ ಕೇಳ್ತಿದೆ."

"ಕಳ್ಸಿ, ಕಳ್ಸಿ."

"ಗುರುವಾರ ಬಂದು ಮತ್ತೆ ಕೂರಿಸ್ತೀನಿ ಸಾರ್. ಅಷ್ಟರಲ್ಲಿ ಇಬ್ಬರಿಗೂ ರಾಜಿ ಮಾಡ್ಸೋ ಹೊಸ ಸಾಫ್ಟ್‌ವೇರ್ ತರಿಸ್ತೀನಿ."

ಕೀಲಿ ಒತ್ತಿದ. ಮುದುಕ ಎದ್ದ. ಅರ್ಧ ಎದ್ದು, ಮತ್ತೆ ಬಿದ್ದ. ಅಪ್‌ಡೇಟು ಭಾನುವಾರ ಹೇಳದೆ ಕೇಳದೆ ಹೊರಗಿನ ಕಂಪ್ಯೂಟರನ್ನು ಆಫ್ ಮಾಡಿದಾಗ, ಒಳಗಿನದು ಬರೆಯುತ್ತಿದ್ದ ಡಿಸ್ಕು ಅರ್ಧಕ್ಕೇ ಹರಿದುಹೋಗಿತ್ತು. ಉಳಿದಿದ್ದದ್ದು ಒಂದೇ ದಾರಿ. ಹನ್ನೊಂದು ವಾರದ ಹಿಂದೆ, ಎಲ್ಲ ಸರಿಯಾಗಿದ್ದ ಒಂದು ದಿನ, ಕೆಲಸ ಮಾಡುತ್ತಿದ್ದ ಮುದುಕನನ್ನು ಹಾಗೆಯೇ ನಿದ್ದೆಗೆ ಕಳಿಸಿ, ಮಾಮ ಒಂದು ಪ್ರತಿ ತೆಗೆದಿಟ್ಟಿದ್ದ. ಚೀಲಗಳ ದಾಖಲೆಯೆಲ್ಲ ಆಸ್ಪತ್ರೆಯ ದೊಡ್ಡ ಕಂಪ್ಯೂಟರಿನಲ್ಲಿ ಕ್ಷೇಮವಾಗಿತ್ತು. ಮುದುಕನ ಹತ್ತಿರ ಇದ್ದದ್ದು ಬುದ್ಧಿ ಮಾತ್ರ. ಹಳೆಯ ಪ್ರತಿಯನ್ನು ಎಬ್ಬಿಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಹೀಗೆ ಲೆಕ್ಕ ಹಾಕಿದ. ಎಬ್ಬಿಸಿದ.

ಒಂದೇ ಉಸಿರಿಗೆ ಪ್ರೋಗ್ರಾಮು ಪರದೆ ತುಂಬಿಕೊಂಡು ಬಂತು. ಟೆಕ್ನಿಷಿಯನ್ ಕೆಂಪು ಚೀಲವೊಂದನ್ನು ಸ್ಕ್ಯಾನರಿಗೆ ಹಿಡಿದಳು. ಹಸಿರು.

"ಅಬ್ಬಾ! ನಿಮ್ಮ ಕೈಗುಣ ಮಾಮ!"

ಮ್ಯಾನೇಜರು ಬೆನ್ನು ತಟ್ಟಿದರು. ಎದ್ದವನನ್ನು ಮತ್ತೆ ಮಲಗಿಸಿ ಎಬ್ಬಿಸಿದರೆ ಏಳುತ್ತಾನೋ ಇಲ್ಲವೋ ಎಂಬ ಅಳುಕಿನಿಂದ, ಮಾಮ ಅವನನ್ನು ಮುಟ್ಟದೆ ಹಾಗೆಯೇ ಬಿಟ್ಟು ಕೆಳಗಿಳಿದ.

ಗುರುವಾರ ಬೆಳಿಗ್ಗೆ ಅಕ್ಕನನ್ನು ಮೂರನೆಯ ಮಹಡಿಯ ಏಳನೆಯ ಮಂಚದ ಮೇಲೆ ಕೂರಿಸಿ, ಅವಳ ಓದುವ ಕನ್ನಡಕವನ್ನೂ ಪದಬಂಧದ ಪುಸ್ತಕವನ್ನೂ ಕೈಗಿತ್ತು, ರಕ್ತದ ಕೋಣೆಗೆ ಫೋನು ಮಾಡಿದ. "ಅಕ್ಕಂದು ಮೊದಲು ಕಳ್ಸಮ್ಮ. ಕಾಯಿಸಿದ್ರೆ ಎಲ್ಲರಿಗೂ ಮಗ್ಗಿ ಹೇಳಿಸ್ತಾಳೆ."

"ಕಳಿಸ್ದೆ ಮಾಮ, ಆಗ್ಲೇ ಮೇಲೆ ಹೊರಟಿದೆ."

ನೆಲಮಾಳಿಗೆಯಲ್ಲಿ ನಲವತ್ತು ನಿಮಿಷ ಬೇರೆ ಕೆಲಸ ಮುಗಿಸಿ, ಮಾತು ಕೊಟ್ಟಂತೆ ಕಾವಲುಗಾರನನ್ನು ಮತ್ತೆ ಕೂರಿಸಲು ರಕ್ತದ ಕೋಣೆಗೆ ಬಂದ. ಟೆಕ್ನಿಷಿಯನ್ ಕುರ್ಚಿ ಬಿಟ್ಟುಕೊಟ್ಟಳು. ತೂಗುತಟ್ಟೆ ಮೂಲೆಯಲ್ಲಿ ಟಕ್ ಟಕ್ ಎನ್ನುತ್ತಿತ್ತು. ಅದರ ಮೇಲೆ ಹಳದಿ ಚೀಲಗಳು ಒತ್ತೊತ್ತಾಗಿ ಮಲಗಿದ್ದವು.

"ನಿಮ್ಮ ಕೈಗುಣ ಅಂದ್ನಲ್ಲ, ಸುಮ್ನೆ ಅಲ್ಲ ಮಾಮ," ಎಂದಳು ನಗುತ್ತ. "ನೀವು ರಿಪೇರಿ ಮಾಡಿದ್ಮೇಲೆ ಒಂದು ಚೀಲನೂ ಎಸೆಯೋಕೆ ಬಂದಿಲ್ಲ. ಮೂರು ದಿನದಿಂದ ಪಟ್ಟಿ ಖಾಲಿ."

ಮಾಮನ ಕೈ ಮೌಸಿನ ಮೇಲೆ ನಿಂತಿತು.

"ಮಾಮೂಲಿಗೆ ಎಷ್ಟು ಬರುತ್ತೆ?"

"ದಿನಕ್ಕೆ ಒಂದೋ ಎರಡೋ. ಪ್ಲೇಟ್‌ಲೆಟ್ಟೇ ಜಾಸ್ತಿ. ಯಾಕೆ ಮಾಮ?"

ಯಾರೂ ಆಟ ಆಡಬಾರದೆಂದು ಪ್ರೋಗ್ರಾಮು ಇಡೀ ಪರದೆಯನ್ನು ಮುಚ್ಚುವಂತೆ ಮಾಡಿದ್ದವನು ಅವನೇ. ಈಗ ಅದನ್ನು ಕುಗ್ಗಿಸಿ ಮೂಲೆಗೆ ಸರಿಸಿದ. ಕೆಳಗೆ ಬಲತುದಿಯಲ್ಲಿ ಮುದುಕನ ಗಡಿಯಾರ ಕಾಣಿಸಿತು. ಅಲ್ಲೂ ಗುರುವಾರವೇ. ಆದರೆ ಹನ್ನೊಂದು ವಾರ ಹಿಂದಿನ ಗುರುವಾರ.

ನಿದ್ದೆ ಹೋದ ದಿನದಿಂದಲೇ ಎಣಿಕೆ ಮುಂದುವರಿಸಿದ್ದ ಮುದುಕ. ಒಳಗಿನ ಗಡಿಯಾರ ಹೊರಗಿನದನ್ನು ನೋಡಿ ತಿದ್ದಿಕೊಳ್ಳುವ ಒಂದು ಕೊಂಡಿ ಇರುತ್ತದೆ; ಗಡಿಯಾರ ಜಿಗಿದರೆ ಹಳೆಯ ಪ್ರೋಗ್ರಾಮು ಕೈಕೊಡುತ್ತದೆಂದು, ನಾಲ್ಕು ವರ್ಷದ ಹಿಂದೆ ಆ ಕೊಂಡಿಯನ್ನು ಮಾಮನೇ ಕಿತ್ತುಹಾಕಿದ್ದ. ಆಮೇಲೆ ಮುದುಕ ಪ್ರತಿ ಸಲ ಹೊಸದಾಗಿ ಶುರುವಾಗುವಾಗ ಹೊರಗಿನ ತಾರೀಖು ಕೇಳಿಕೊಂಡೇ ಏಳುತ್ತಿದ್ದ, ತೊಂದರೆ ಇರಲಿಲ್ಲ. ಆದರೆ ನಿದ್ದೆಯಿಂದ ಎದ್ದವನು ಯಾರನ್ನೂ ಏನನ್ನೂ ಕೇಳುವುದಿಲ್ಲ. ಸೋಮವಾರ ಒಂದೇ ಒಂದು ಸಲ ಆಫ್ ಮಾಡಿ ಆನ್ ಮಾಡಿದ್ದರೆ ಸಾಕಿತ್ತು. ಊರಿಗೆಲ್ಲ ಮೂವತ್ತು ವರ್ಷ ಹೇಳಿದ ಮಾತನ್ನು ಅವನು ತನಗೆ ಹೇಳಿಕೊಂಡಿರಲಿಲ್ಲ. ಅಪ್‌ಡೇಟು ಬಂದು ಡೇಟನ್ನೇ ಕೊಂಡೊಯ್ದಿತ್ತು, ಮೂರು ದಿನದಿಂದ ಎಲ್ಲಕ್ಕೂ ಹಸಿರು ಹತ್ತುತ್ತಿತ್ತು.

ಮುದುಕನನ್ನು ಆಫ್ ಮಾಡಿ ಆನ್ ಮಾಡಿದ. ಎರಡು ನಿಮಿಷ ಹಿಡಿಯಿತು. ಪ್ರೋಗ್ರಾಮು ಬಂತು, ಬಂದ ಕೂಡಲೇ ಮೂಲೆಯ ಪ್ರಿಂಟರು ತನ್ನಷ್ಟಕ್ಕೆ ತಾನೇ ಕರಕರ ಎನ್ನತೊಡಗಿತು. ಟೆಕ್ನಿಷಿಯನ್ ಕಾಗದ ಹರಿದು ನೋಡಿದಳು. ಅವಳ ನಗು ಅಲ್ಲೇ ನಿಂತಿತು.

"ಆರು ಮಾಮ. ಆರೂ ಪ್ಲೇಟ್‌ಲೆಟ್."

"ತಟ್ಟೆ ಮೇಲೆ ನೋಡು. ಒಂದೊಂದಾಗಿ ನೋಡು."

ಅವಳು ಒಂದೊಂದೇ ಚೀಲ ಎತ್ತಿ, ಎಷ್ಟೋ ವರ್ಷದ ಮೇಲೆ, ಲೇಬಲಿನ ದಪ್ಪಕ್ಷರಗಳನ್ನು ಕಣ್ಣಿಟ್ಟು ಓದಿದಳು. ಐದು ಸಿಕ್ಕವು.

"ಆರನೇದು?"

ಅವಳು ಚೀಟಿಯ ಪುಸ್ತಕ ತೆಗೆದಳು. ಅದನ್ನು ತೆಗೆಯುವ ಮೊದಲೇ ಇಬ್ಬರಿಗೂ ಗೊತ್ತಾಗಿತ್ತು. ಸೋಮವಾರದಿಂದ ಪ್ಲೇಟ್‌ಲೆಟ್ ಕೇಳಿದ ಮಂಚ ಒಂದೇ. ತಟ್ಟೆಯ ನಿಯಮವೂ ಒಂದೇ, ಹಳೆಯದು ಮೊದಲು ಹೊರಗೆ.

"ಹಸಿರೇ ಬಂತು ಮಾಮ," ಎಂದಳು. "ದೇವರಾಣೆ, ಹಸಿರೇ ಬಂತು."

"ನಿಂದೇನೂ ತಪ್ಪಿಲ್ಲ. ವಾರ್ಡಿಗೆ ಫೋನ್ ಮಾಡು, ನಿಲ್ಸಿ ಅಂತ ಹೇಳು. ಎತ್ತೋವರೆಗೂ ಮಾಡ್ತಾನೇ ಇರು."

ಲಿಫ್ಟು ನಾಲ್ಕನೆಯ ಮಹಡಿಯಲ್ಲಿತ್ತು. ಮೆಟ್ಟಿಲು ಹಿಡಿದು ಓಡಿದ. ಯಾರೂ ಎತ್ತದ ಫೋನಿನ ಗಂಟೆ ಮೇಲಿನ ಮಹಡಿಯಲ್ಲಿ ಬಡಿದುಕೊಳ್ಳುವುದು ಅವನಿಗೆ ಕೇಳಿಸುತ್ತಿತ್ತು.

ವಾರ್ಡಿನ ಬಾಗಿಲಲ್ಲೇ ನರ್ಸ್ ಸಿಕ್ಕಿದಳು.

"ಸಿಸ್ಟರ್, ನನ್ನ ಅಕ್ಕ... ಆ ಚೀಲ..."

"ಆಗ್ಲೇ ಮುಗೀತಲ್ಲ ಮಾಮ! ಹತ್ತು ನಿಮಿಷ ಆಯ್ತು. ಯಾಕೆ ಹಿಂಗೆ ಏದುಸಿರು ಬಿಡ್ತಿದೀರ? ಕೂತ್ಕೊಳ್ಳಿ."

ಖಾಲಿ ಚೀಲ ಇನ್ನೂ ಕಂಬಕ್ಕೆ ನೇತಾಡುತ್ತಿತ್ತು, ಒಳಬದಿಗೆ ಅಂಟಿಕೊಂಡ ಹಳದಿ ಹನಿಗಳೊಂದಿಗೆ. ಮಾಮ ಕೊರಳ ಕನ್ನಡಕ ಏರಿಸಿ ಲೇಬಲ್ ಓದಿದ. ಅವಧಿ ಸೋಮವಾರಕ್ಕೆ ಮುಗಿದಿತ್ತು. ನರ್ಸಿಗೆ ತೋರಿಸಿದ. ಅವಳು ಓದಿದಳು, ಇನ್ನೊಮ್ಮೆ ಓದಿದಳು. ಚೀಲವನ್ನು ಬಿಚ್ಚಿ, ಅದರ ಬಾಯಿ ಬಿಗಿದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟು, ಡಾಕ್ಟರಮ್ಮನಿಗೆ ಫೋನು ಮಾಡಲು ಓಡಿದಳು.

"ಏನಾಯ್ತೋ?" ಎಂದಳು ಅಕ್ಕ, ಪದಬಂಧದಿಂದ ತಲೆಯೆತ್ತಿ. "ಮುಖ ಸುಣ್ಣ ಬಳಿದ ಹಾಗಿದೆ."

ಬೇರೆ ಯಾರಾದರೂ ಆಗಿದ್ದರೆ ಏನಾದರೊಂದು ಕತೆ ಕಟ್ಟಿರುತ್ತಿದ್ದ. ಮೂರನೆಯ ಕ್ಲಾಸಿನಿಂದ ಅವನ ಸುಳ್ಳುಗಳನ್ನು ತಿದ್ದಿ ಕೆಂಪು ಗೆರೆ ಎಳೆದವಳ ಎದುರು ಅದು ನಡೆಯುವ ಮಾತಲ್ಲ. ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದ: ಕಾವಲು, ಕುರ್ಚಿ, ಮುದುಕ, ನಿದ್ದೆ, ತಾರೀಖು. ಮುಚ್ಚಿಡಲಿಲ್ಲ, ನಡುವೆ ತನ್ನ ಪರವಾಗಿ ವಾದಿಸಲೂ ಇಲ್ಲ. ಅಕ್ಕ ಪೆನ್ಸಿಲನ್ನು ಪುಸ್ತಕದೊಳಗಿಟ್ಟು ಮುಚ್ಚಿದಳು.

"ಅಂದ್ರೆ ಐದು ದಿನದ್ದಕ್ಕೆ ಮೂರು ದಿನ ಹೆಚ್ಚು."

"ಹೂಂ."

"ಎಂಟು."

"ಹೂಂ ಅಕ್ಕ."

"ಕೂಡೋ ಲೆಕ್ಕ ಕಣೋ. ಎರಡನೇ ಕ್ಲಾಸಿಂದು." "ಆ ಹುಡುಗಿನ ಬೈದ್ಯಾ?" ಎಂದು ಕೇಳಿದಳು.

"ಇಲ್ಲ."

"ಸದ್ಯ. ಡಾಕ್ಟರಿಗೂ ಹೀಗೇ ಹೇಳು, ನನ್ನ ಹತ್ರ ಹೇಳಿದ ಹಾಗೆ. ಯಂತ್ರ ಕೆಟ್ಟಿತ್ತು ಅನ್ನಬೇಡ."

ಡಾಕ್ಟರಮ್ಮ ಬಂದರು. ಅವನು ಹಾಗೆಯೇ ಹೇಳಿದ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಖಾಲಿ ಚೀಲವನ್ನು ಲ್ಯಾಬಿಗೆ ಕಳಿಸಿದರು, ಅಕ್ಕನ ಇನ್ನೊಂದು ತೋಳಿನಿಂದ ಪರೀಕ್ಷೆಗೆ ರಕ್ತ ತೆಗೆಸಿದರು, ತೋಳಿನಲ್ಲಿ ಆಗಲೇ ಇದ್ದ ಸೂಜಿಯಲ್ಲೇ ಕ್ರಿಮಿ ಕೊಲ್ಲುವ ಔಷಧಿ ಏರಿಸಿದರು. "ಏನೂ ಆಗದೇನೂ ಇರಬಹುದು," ಎಂದರು. "ಎಷ್ಟೋ ಚೀಲದಲ್ಲಿ ಏನೂ ಇರಲ್ಲ. ಇದ್ರೆ ನಾಲ್ಕು ಗಂಟೆ ಒಳಗೆ ಗೊತ್ತಾಗುತ್ತೆ." ಕಾಲು ಗಂಟೆಗೊಮ್ಮೆ ಜ್ವರ ನೋಡಿ ಎಂದು ನರ್ಸಿಗೆ ಹೇಳಿ, ಚಾರ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಏನೋ ಬರೆದು ಹೋದರು.

ಮ್ಯಾನೇಜರು ಎರಡು ಸಲ ಫೋನು ಮಾಡಿದರು. ಮೊದಲ ಸಲ, ಆಗಬಾರದ್ದೇನಾದರೂ ಆಯಿತೇ ಎಂದು. ಎರಡನೆಯ ಸಲ, ವರದಿಯಲ್ಲಿ ತಾವು "ಕಳ್ಸಿ, ಕಳ್ಸಿ" ಎಂದದ್ದನ್ನು ಬರೆಯಬೇಕಾಗಿಲ್ಲವಷ್ಟೇ ಎಂದು. "ನನ್ನ ಹೆಸರೊಂದೇ ಬರೀತೀನಿ ಸಾರ್," ಎಂದ ಮಾಮ, ಮೆಲ್ಲಗೆ. ಅವನ ಹೆಸರು ಏನೆಂದು ಮ್ಯಾನೇಜರು ಅವನನ್ನೇ ಕೇಳಿ ತಿಳಿದುಕೊಳ್ಳಬೇಕಾಯಿತು.

ಮೊದಲ ಕಾಲು ಗಂಟೆಗೆ ತೊಂಬತ್ತೆಂಟು ಪಾಯಿಂಟ್ ಎರಡು. ಅಕ್ಕ ಪದಬಂಧ ಬಿಚ್ಚಿ, ಅಡ್ಡ ಸಾಲಿನ ಐದಕ್ಷರದ ಪದವೊಂದಕ್ಕೆ ಅವನನ್ನು ಪೀಡಿಸಿದಳು. ಅವನಿಗೆ ಹೊಳೆಯಲಿಲ್ಲ. ಎರಡನೆಯದಕ್ಕೆ ತೊಂಬತ್ತೆಂಟು ಪಾಯಿಂಟ್ ನಾಲ್ಕು. "ಎರಡು ಪಾಯಿಂಟಿಗೆಲ್ಲ ಮುಖ ಜೋಲು ಹಾಕ್ಕೋಬೇಡ, ನೀನು ಪರೀಕ್ಷೇಲಿ ಫೇಲಾದಾಗ ಇದಕ್ಕಿಂತ ಚೆನ್ನಾಗಿದ್ದೆ," ಎಂದಳು. ಮೂರನೆಯದಕ್ಕೆ ತೊಂಬತ್ತೊಂಬತ್ತು. ನರ್ಸ್ ಬರೆದುಕೊಂಡಳು, ಅಂಕಿಯನ್ನು ಬಾಯಿಬಿಟ್ಟು ಹೇಳಲಿಲ್ಲ. ಮಾಮ ಅವಳ ಹೆಗಲ ಮೇಲಿಂದ ಓದಿಕೊಂಡ. ಈಗ ಅವನು ಎಲ್ಲವನ್ನೂ ಓದುತ್ತಿದ್ದ: ಸಲೈನ್ ಬಾಟಲಿಯ ತಾರೀಖು, ಔಷಧಿಯ ಸೀಸೆಯ ತಾರೀಖು, ಗೋಡೆಯ ಬೆಂಕಿ ಆರಿಸುವ ಸಿಲಿಂಡರಿನ ತಾರೀಖು.

ನಾಲ್ಕನೆಯ ಕಾಲು ಗಂಟೆ ಆಗುವುದಕ್ಕೆ ಇನ್ನೂ ಐದು ನಿಮಿಷವಿತ್ತು. ಅಕ್ಕ ಮಾತು ನಿಲ್ಲಿಸಿ ಬಹಳ ಹೊತ್ತಾಗಿತ್ತು. ಪೆನ್ಸಿಲು ಅವಳ ಬೆರಳುಗಳ ನಡುವೆ ಸಣ್ಣಗೆ ಅಲುಗುತ್ತ ಕಾಗದದ ಮೇಲೆ ಎತ್ತಲೋ ಗೀಚುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು, ಬೇರೆ ಯಾರದೋ ಕೈಯನ್ನು ನೋಡುವಂತೆ.

"ಆ ಫ್ಯಾನ್ ಆಫ್ ಮಾಡೋ," ಎಂದಳು. "ಚಳಿ."

ಮಾಮ ತಲೆಯೆತ್ತಿದ. ಫ್ಯಾನು ತಿರುಗುತ್ತಿರಲಿಲ್ಲ. ಅವನು ಕೈ ಚಾಚಿ ಗಂಟೆಯ ಗುಂಡಿಯನ್ನು ಒತ್ತಿದ. ಒತ್ತಿ ಹಿಡಿದೇ ಇದ್ದ.